ಏಡಿಯ ಮೇಲೆ ಬಂದ ಅಪವಾದ

ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಹುಟ್ಟಿದ ಊರು ಅದು. ಅಲ್ಲಿಗೆ ಹೋದವರು ಬಳ್ಳಿಗಾವಿಯ ದೇವಾಲಯಗಳನ್ನೂ ತಾಳಗುಂದದ ಶಾಸನಸ್ತಂಭವನ್ನೂ ನೋಡಿಕೊಂಡು ಹಿಂದಿರುಗುವುದು ವಾಡಿಕೆ. ಆದರೆ ದಾರಿಯುದ್ದಕ್ಕೂ ಎಡಬಲಗಳಲ್ಲಿ ಕಾಣುವ ಕೆರೆಗಳ ಬಳಿ ಯಾರೂ ಅಷ್ಟಾಗಿ ನಿಲ್ಲುವುದಿಲ್ಲ. ತಾಳಗುಂದದ ಶಾಸನವು ಐದನೆಯ ಶತಮಾನದ್ದು. ಕದಂಬ ದೊರೆ ಕಾಕುಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದನೆಂಬುದು ಅದರಲ್ಲಿ ಬರುವ ಸಂಗತಿಗಳಲ್ಲಿ ಒಂದು. ಎಂದರೆ ಶಿಕಾರಿಪುರ, ಸೊರಬದ ಈ ಸೀಮೆಯಲ್ಲಿ ಕೆರೆಯ ಕೆಳಗೆ ಗದ್ದೆ, ಗದ್ದೆಯ ಮೇಲೆ ಕಾಡು ಎಂಬ ಏರ್ಪಾಡಿಗೆ ಒಂದೂವರೆ ಸಾವಿರ ವರ್ಷಗಳ ವಯಸ್ಸು ಆಗಿದೆ.

ಈ ಏರ್ಪಾಡಿನಿಂದ ದೊರೆಯುವ ಭತ್ತ, ಅಡಕೆ, ಕಬ್ಬುಗಳ ಲೆಕ್ಕ ಸರಕಾರದ ದಫ್ತರಗಳಲ್ಲಿ ಉಂಟು. ಲೆಕ್ಕಕ್ಕೆ ಸೇರದ ಬೆಳೆಯೊಂದು ಅದೇ ನೆಲದಲ್ಲಿ, ಅದೇ ನೀರಿನಲ್ಲಿ ಬೆಳೆಯುವುದು. ಅದನ್ನು ಬಿತ್ತುವವರಿಲ್ಲ, ಅದಕ್ಕೆ ಗೇಣಿಯಿಲ್ಲ. ಗದ್ದೆಯ ಏಡಿ, ಕೆರೆಯ ಸಣ್ಣ ಮೀನು, ಬದುವಿನ ಸೊಪ್ಪು, ಕಾಡಿನ ಕಳಲೆ, ಅಣಬೆ, ಗೆಡ್ಡೆಗಳೇ ಆ ಬೆಳೆ. ಸ್ವಂತ ಭೂಮಿಯಿಲ್ಲದೆ ಪರರ ಗದ್ದೆತೋಟಗಳಲ್ಲಿ ದುಡಿಯುತ್ತ ಬಂದ ಹಸಲರು, ಗೌಡಲು ಮೊದಲಾದ ಬುಡಕಟ್ಟಿನವರಿಗೂ, ಚಲವಾದಿ, ಚನ್ನಂಗಿ ಮೊದಲಾದ ಪರಿಶಿಷ್ಟ ಜಾತಿಯವರಿಗೂ ಇದೇ ಅರ್ಧ ಅಡುಗೆಮನೆಯಾಗಿದ್ದಿತು. 1951ರ ಕಾಗೋಡು ಸತ್ಯಾಗ್ರಹವನ್ನೂ 1974ರ ಭೂಸುಧಾರಣೆಯನ್ನೂ ಓದುಗರು ಬಲ್ಲರು. ಗೇಣಿದಾರನಿಗೆ ಅವುಗಳಿಂದ ಭೂಮಿ ದೊರೆಯಿತು. ಗೇಣಿಯ ಚೀಟಿಯೂ ಇಲ್ಲದ ಬರಿಯ ಕೂಲಿಯವನಿಗೆ ಮಾತ್ರ ಏಡಿಯೂ ಸೊಪ್ಪೂ ಮೊದಲಿನಂತೆಯೇ ಉಳಿದವು.

ಅವುಗಳ ಬೆಲೆಯನ್ನು ತಿಳಿಯಬೇಕಾದರೆ ಮೊದಲು ಅಕ್ಕಿಯ ಬಡತನವನ್ನು ತಿಳಿಯಬೇಕು. ಪಾಲಿಶ್ ಮಾಡಿದ ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 7 ಗ್ರಾಂ ಪ್ರೋಟೀನು ಇರುವುದು. ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಸುಮಾರು 10 ಮಿಲಿಗ್ರಾಂ ಮಾತ್ರ. ಅಷ್ಟೇ ತೂಕದ ರಾಗಿಯಲ್ಲಿ ಅದು 340 ಮಿಲಿಗ್ರಾಂ ಮುಟ್ಟುವುದು. ವಯಸ್ಕನೊಬ್ಬನಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು 2020ರಲ್ಲಿ ಹೇಳಿದೆ. ದಿನಕ್ಕೆ ಅರ್ಧ ಕಿಲೋ ಅಕ್ಕಿಯನ್ನು ಉಣ್ಣುವ ದುಡಿಮೆಗಾರನಿಗೆ ಆ ಅನ್ನದಿಂದ ಬರುವುದು 50 ಮಿಲಿಗ್ರಾಂ. ಅಕ್ಕಿಯ ಪ್ರೋಟೀನಿನಲ್ಲಿಯೂ ಲೈಸೀನ್ ಎಂಬ ಅವಶ್ಯಕ ಅಂಶವು ಕೊರತೆಯಾಗಿರುವುದು. ಬಿ-12 ಜೀವಸತ್ವವಂತೂ ಅಕ್ಕಿಯಲ್ಲಿ ಮಾತ್ರವಲ್ಲ, ಯಾವ ಕಾಳಿನಲ್ಲಿಯೂ ಇಲ್ಲ. ಬಯಲುಸೀಮೆಯವನಿಗೆ ರಾಗಿ ಇದೆ. ಹಾಲುಂಡು ಬೆಳೆದವನಿಗೆ ಹಸು ಇದೆ. ಮಲೆನಾಡಿನ ಕೂಲಿಯವನು ಈ ಕೊರತೆಯನ್ನು ಎಲ್ಲಿ ತುಂಬಿಕೊಳ್ಳಬೇಕು?

ಮುಂಗಾರಿನ ಮೊದಲ ಮಳೆಗಳು ಬಿದ್ದು ಹಳ್ಳಗಳು ಕೆಂಪಾಗಿ ಹರಿಯತೊಡಗಿದಾಗ ಮೀನುಗಳು ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಗದ್ದೆಗಳ ಕಡೆಗೆ ಏರಿ ಬರುವುವು. ಇವನ್ನು ಹತ್ತುಮೀನು ಎನ್ನುವರು. ಅದೇ ಕಾಲದಲ್ಲಿ ಬದುವಿನ ಬಿಲಗಳಿಂದ ಏಡಿಗಳು ಹೊರಬೀಳುವುವು. ಬೇಸಗೆಯಲ್ಲಿ ಕೆರೆಯ ನೀರು ಇಳಿದ ಮೇಲೆ ಕೆರೆಬೇಟೆ. ಊರಿಗೆ ಊರೇ ಬಿದಿರಿನ ಕೂಣಿಗಳನ್ನು ಹಿಡಿದು ಕೆರೆಗೆ ಇಳಿಯುವ ದಿನ ಅದು. ಏಡಿಯನ್ನು ಚಿಪ್ಪು ಸಹಿತ ಕುಟ್ಟಿ ಹಿಂಡಿ ಸಾರು ಮಾಡುವುದರಲ್ಲಿ ನಾಲಗೆಯ ರುಚಿಯ ಜೊತೆಗೆ ಒಂದು ಲಾಭವೂ ಸೇರಿದೆ: ಚಿಪ್ಪಿನಲ್ಲಿರುವುದು ಬಹುಮಟ್ಟಿಗೆ ಸುಣ್ಣವೇ. ಸಣ್ಣ ಮೀನನ್ನು ತಲೆ, ಮುಳ್ಳುಗಳೊಡನೆ ಇಡಿಯಾಗಿ ತಿನ್ನುವುದರ ಲಾಭವೂ ಇಂಥದೇ. ಬಾಂಗ್ಲಾದೇಶದ ಮೋಲಾ ಎಂಬ ಪುಟ್ಟ ಮೀನನ್ನು ಪರೀಕ್ಷಿಸಿದವರು, ಅದರ ಎ ಜೀವಸತ್ವದ ಬಹುಪಾಲು ಕಣ್ಣು ಮತ್ತು ಒಳಭಾಗಗಳಲ್ಲಿ ಅಡಗಿರುವುದನ್ನು ಕಂಡರು. ದೊಡ್ಡ ಮೀನಿನ ತಲೆಯನ್ನು ಬಿಸಾಡಿ ತುಂಡನ್ನು ಕೊಳ್ಳುವ ಪೇಟೆಯವನಿಗಿಂತ, ಹಿಡಿ ಮೀನನ್ನು ಹಾಗೆಯೇ ಬೇಯಿಸುವ ಬಡವಳು ಈ ಒಂದು ವಿಷಯದಲ್ಲಾದರೂ ಲಾಭದಲ್ಲಿದ್ದಾಳೆ.

ಕಾಡಿನ ಆಹಾರವು ಅಷ್ಟು ಸುಲಭವಾಗಿ ಕೈವಶವಾಗುವಂಥದಲ್ಲ. ಗಿಡಗಳಿಗೆ ಓಡಿ ತಪ್ಪಿಸಿಕೊಳ್ಳುವ ಉಪಾಯವಿಲ್ಲದ ಕಾರಣ, ತಮ್ಮ ಎಳೆಯ ಭಾಗಗಳನ್ನು ಅವು ವಿಷದಿಂದ ಕಾಯ್ದುಕೊಳ್ಳುವುವು. ಬಿದಿರಿನ ಎಳೆಯ ಮೊಳಕೆಯಾದ ಕಳಲೆಯಲ್ಲಿ ಸಯನೈಡನ್ನು ಬಿಡುಗಡೆ ಮಾಡಬಲ್ಲ ವಸ್ತುವೊಂದು ಇದೆ. ಜೀವಕೋಶಗಳು ಇಡಿಯಾಗಿರುವ ತನಕ ಅದು ನಿರಪಾಯ. ಕಚ್ಚಿದಾಗಲೋ ಹೆಚ್ಚಿದಾಗಲೋ ಕೋಶಗಳು ಒಡೆದು, ಬೇರೆಡೆ ಇದ್ದ ಕಿಣ್ವವು ಅದರೊಡನೆ ಕೂಡಿ, ಹೈಡ್ರೊಜನ್ ಸಯನೈಡ್ ಹೊರಬರುವುದು. ನಮ್ಮ ಅಜ್ಜಿಯರು ಕಳಲೆಯನ್ನು ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರು ಬದಲಾಯಿಸುತ್ತ ನೆನೆಹಾಕಿ, ಆಮೇಲೆ ಬೇಯಿಸುವುದು ಇದಕ್ಕಾಗಿಯೇ. ಸಣ್ಣಗೆ ಹೆಚ್ಚಿದಷ್ಟೂ ಕಿಣ್ವಕ್ಕೆ ಕೆಲಸ ಹೆಚ್ಚು. ಬಿಡುಗಡೆಯಾದ ವಿಷದಲ್ಲಿ ಒಂದಷ್ಟು ನೀರಿಗೆ ಇಳಿಯುವುದು, ಉಳಿದುದು ಬೇಯಿಸುವಾಗ ಆವಿಯೊಡನೆ ಹಾರಿಹೋಗುವುದು. ಕೆಸುವಿನ ಎಲೆಯ ತುರಿಕೆಗೆ ಕಾರಣ ಬೇರೆ. ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಬಾಯಿಯ ಒಳಚರ್ಮವನ್ನು ಚುಚ್ಚುವುದೇ ಅದು. ಹುಳಿ ಹಾಕಿ ಬಹಳ ಹೊತ್ತು ಬೇಯಿಸಿದರೆ ತುರಿಕೆ ಅಡಗುವುದು. ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು: ಕೆಸುವಿನಲ್ಲಿ ಸುಣ್ಣದ ಅಂಶವಿದೆಯೆಂದು ಪಟ್ಟಿ ಹೇಳಿದರೂ, ಆಕ್ಸಲೇಟಿನ ಸೆರೆಯಲ್ಲಿರುವ ಆ ಸುಣ್ಣವನ್ನು ನಮ್ಮ ಕರುಳು ಹೀರಿಕೊಳ್ಳಲಾರದು. ಪಟ್ಟಿಯಲ್ಲಿ ಇರುವುದೆಲ್ಲ ರಕ್ತಕ್ಕೆ ಸೇರುವುದಿಲ್ಲ.

ಹೀಗೆ ಉಂಡುಕೊಂಡು ಬಂದ ಜನರ ನಡುವೆ ಒಂದು ರೋಗವು ಕಾಣಿಸಿಕೊಂಡಿತು.

ಹಂದಿಗೋಡಿನ ನೋವು

ಶಿಕಾರಿಪುರ, ಸೊರಬಗಳ ನೆರೆಯದಾದ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿ ಇದೆ. 1974-75ರಲ್ಲಿ ಅಲ್ಲಿಯ ಚಲವಾದಿ ಮತ್ತು ಚನ್ನಂಗಿ ಸಮುದಾಯಗಳ ಕೆಲವು ಮನೆಗಳಲ್ಲಿ ವಿಚಿತ್ರವಾದ ಕೀಲುಬೇನೆ ಇರುವುದು ವೈದ್ಯರ ಗಮನಕ್ಕೆ ಬಂದಿತು. ಸೊಂಟದ ಕೀಲು, ಮಂಡಿಗಳಲ್ಲಿ ನೋವು ಮೊದಲಾಗಿ, ಕಾಲಕ್ರಮದಲ್ಲಿ ಕುಳಿತವರು ಏಳಲಾರರು, ನಿಂತವರು ನೆಟ್ಟಗಾಗಲಾರರು. ಕೆಲವರಲ್ಲಿ ಬೆನ್ನುಮೂಳೆಯ ಮಣಿಗಳು ಚಪ್ಪಟೆಯಾಗಿದ್ದವು. ಇನ್ನು ಕೆಲವರ ದೇಹದ ಬೆಳವಣಿಗೆಯೇ ಕುಂಠಿತವಾಗಿ ಕುಳ್ಳರಾಗಿ ಉಳಿದಿದ್ದರು. ಅಡಕೆತೋಟದ ಒಡೆಯರ ಮನೆಗಳಲ್ಲಿ ಈ ಬೇನೆ ಇರಲಿಲ್ಲ. ಮುಂದೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇತರ ಹಳ್ಳಿಗಳಲ್ಲಿಯೂ ಇಂಥ ರೋಗಿಗಳು ಕಂಡುಬಂದರು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಭಟ್ ಎಂಬ ವಿಜ್ಞಾನಿಗಳು ಇಲ್ಲಿಗೆ ಬಂದು ಅಭ್ಯಾಸ ಮಾಡಿ, 1977ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಅವರು ಇದನ್ನು ಕರೆದರು. ದಕ್ಷಿಣ ಆಫ್ರಿಕದ ಜುಲು ಜನರ ನಾಡಿನಲ್ಲಿ ಮ್ಸೆಲೆನಿ ಎಂಬಲ್ಲಿ ಇದನ್ನು ಹೋಲುವ ಕೀಲುರೋಗವೊಂದು ಆ ಮೊದಲೇ ವರ್ಣಿತವಾಗಿದ್ದಿತು. ಹಾಗಾದರೆ ಇದಕ್ಕೆ ಕಾರಣವೇನು? ಆ ವರ್ಷಗಳಲ್ಲಿಯೇ ಹಸಿರು ಕ್ರಾಂತಿಯ ಹೊಸ ತಳಿಗಳೊಡನೆ ಎಂಡ್ರಿನ್, ಪ್ಯಾರಾಥಿಯಾನ್ ಮೊದಲಾದ ಕೀಟನಾಶಕಗಳು ಗದ್ದೆಗಳಿಗೆ ಇಳಿದಿದ್ದವು. ಆ ಗದ್ದೆಯ ಏಡಿಯನ್ನೂ ಮೀನನ್ನೂ ತಿನ್ನುವವರು ಈ ಬಡವರು. ರೋಗ ಬಂದುದೂ ಇವರಿಗೇ. ಆದುದರಿಂದ ವಿಷವುಂಡ ಏಡಿಯೇ ರೋಗಕ್ಕೆ ಕಾರಣವಿರಬೇಕೆಂಬ ಶಂಕೆ ಹುಟ್ಟಿತು. ಶಂಕೆ ಅಸಂಗತವಾದುದೇನೂ ಅಲ್ಲ. ಯಾರೇ ಆ ಸ್ಥಳದಲ್ಲಿದ್ದರೂ ಮೊದಲು ಅದನ್ನೇ ಕೇಳುತ್ತಿದ್ದರು.

ಆದರೆ ವಿಜ್ಞಾನದ ವಿದ್ಯಾರ್ಥಿಯು ಇಲ್ಲಿ ಒಂದು ಕ್ಷಣ ತಡೆದು ಯೋಚಿಸಬೇಕು. ರೋಗವು ಒಂದೆರಡು ಜಾತಿಗಳಿಗೆ ಮಾತ್ರ ಬಂದಿದೆ ಎಂಬ ಸಂಗತಿಯಿಂದ ನಮಗೆ ಏನು ತಿಳಿದಂತಾಯಿತು? ಬೇರೆ ದೇಶಗಳಲ್ಲಿ ಒಂದು ಬೀದಿಯವರಿಗೆ ಮಾತ್ರ ಬೇನೆ ಬಂದರೆ ನೀರನ್ನೋ, ಒಂದು ಕುಲದವರಿಗೆ ಮಾತ್ರ ಬಂದರೆ ರಕ್ತವನ್ನೋ ಶಂಕಿಸಬಹುದು. ನಮ್ಮ ಹಳ್ಳಿಯಲ್ಲಿ ಜಾತಿ ಎಂದರೆ ಒಂದೇ ಸಲಕ್ಕೆ ನಾಲ್ಕು ವಿಷಯಗಳು. ಮದುವೆಯ ಸಂಬಂಧ ಒಳಗೊಳಗೇ ಇರುವುದರಿಂದ ಜಾತಿಯೆಂದರೆ ರಕ್ತ. ಊಟ ಬೇರೆಯಾಗಿರುವುದರಿಂದ ಜಾತಿಯೆಂದರೆ ತಟ್ಟೆ. ಕೇರಿಯೂ ಬಾವಿಯೂ ಬೇರೆಯಾಗಿದ್ದುದರಿಂದ ಅದು ನೀರೂ ಹೌದು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಔಷಧಿ ಹೊಡೆದ ಗದ್ದೆಯಲ್ಲಿ ಕಳೆ ಕೀಳುವವರು ಯಾರು ಎಂಬುದನ್ನು ನೋಡಿದರೆ ಅದೇ ಕಸುಬೂ ಆಗಿದೆ. ಅಂದಮೇಲೆ ‘ಈ ಜಾತಿಯವರಿಗೆ ಮಾತ್ರ’ ಎಂಬ ಒಂದೇ ಸಾಕ್ಷ್ಯವು ಅನುವಂಶೀಯತೆಯನ್ನೂ, ಆಹಾರವನ್ನೂ, ನೀರನ್ನೂ, ದುಡಿಮೆಯನ್ನೂ ಸರಿಸಮನಾಗಿ ಬೆರಳು ಮಾಡಿ ತೋರಿಸುವುದು. ಎಲ್ಲರನ್ನೂ ತೋರಿಸುವ ಸಾಕ್ಷಿಯಿಂದ ನ್ಯಾಯಾಧೀಶನಿಗೆ ಪ್ರಯೋಜನವಿಲ್ಲ.

ಕಾಲದ ಸಾಕ್ಷ್ಯವೂ ಅಷ್ಟೇ ಮೋಸಗೊಳಿಸುವಂಥದು. ಕೀಟನಾಶಕ ಬಂದ ಮೇಲೆ ರೋಗವು ಕಂಡುಬಂದಿತು, ನಿಜ. ಆದರೆ ಕಂಡುಬರುವುದು ಬೇರೆ, ಹುಟ್ಟುವುದು ಬೇರೆ. ಕೇರಿಯ ಗುಡಿಸಲಿನಲ್ಲಿ ನರಳುವವನ ಬಳಿಗೆ ಎಕ್ಸ್-ಕಿರಣದ ಯಂತ್ರ ಉಳ್ಳ ವೈದ್ಯನು ಮೊದಲ ಬಾರಿ ಬಂದ ದಿನವೇ ಆ ರೋಗದ ಹುಟ್ಟುಹಬ್ಬವೆಂದು ದಾಖಲೆಯಲ್ಲಿ ಸೇರುವುದು.

ಈ ಗಂಟನ್ನು ಬಿಡಿಸುವ ಉಪಾಯವೇನು? ರಕ್ತ ಒಂದಾಗಿದ್ದು ತಟ್ಟೆ ಬೇರೆಯಾಗಿರುವವರನ್ನು, ತಟ್ಟೆ ಒಂದಾಗಿದ್ದು ರಕ್ತ ಬೇರೆಯಾಗಿರುವವರನ್ನು ಹುಡುಕಬೇಕು. ಬೇರೆ ಊರಿಗೆ ಹೋಗಿ ನೆಲಸಿದ ತಮ್ಮನು ಮೊದಲನೆಯ ಗುಂಪಿಗೆ ಸೇರಿದವನು. ರೋಗವಿಲ್ಲದ ಮನೆತನದಿಂದ ಮದುವೆಯಾಗಿ ಬಂದು, ಮೂವತ್ತು ವರ್ಷ ಅದೇ ಗದ್ದೆಯಲ್ಲಿ ದುಡಿದು ಅದೇ ಏಡಿಸಾರನ್ನು ಉಂಡ ಸೊಸೆಯು ಎರಡನೆಯ ಗುಂಪಿನವಳು. ಸೊಸೆ ಆರೋಗ್ಯವಾಗಿದ್ದು ಅವಳ ಮಕ್ಕಳಲ್ಲಿ ಕೆಲವರು ಕುಂಟಿದರೆ, ನೋಟವು ಏಡಿಯಿಂದ ವಂಶದ ಕಡೆಗೆ ತಿರುಗುವುದು. ಇದಕ್ಕಾಗಿಯೇ ವಂಶವೃಕ್ಷಗಳನ್ನು ಬರೆಯುವರು: ಯಾರ ಮಗ ಯಾರು, ಅವರಲ್ಲಿ ಯಾರಿಗೆ ನೋವು, ಯಾವ ವಯಸ್ಸಿನಲ್ಲಿ ಬಂದಿತು. ಬೇಸರದ ಕೆಲಸ, ಅಜ್ಜಿಯರ ನೆನಪಿನ ಹೊರತು ಬೇರೆ ಉಪಕರಣ ಬೇಕಿಲ್ಲ.

ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಅಗರ್‌ವಾಲ್ ಮತ್ತು ಅವರ ಸಂಗಡಿಗರು ರೋಗಿಗಳ ಮೂಳೆಯ ಚಿತ್ರಗಳನ್ನೂ ಕುಟುಂಬಗಳ ವಿವರವನ್ನೂ ಅಭ್ಯಾಸ ಮಾಡಿ 1990ರ ದಶಕದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬೆನ್ನುಮಣಿಗಳಲ್ಲಿಯೂ ಉದ್ದ ಮೂಳೆಗಳ ತುದಿಗಳಲ್ಲಿಯೂ ಬೆಳವಣಿಗೆ ತಪ್ಪುವ ಆನುವಂಶಿಕ ರೋಗವಿದು. ಪ್ರಬಲ ಗುಣವಾಗಿ ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿಯುವುದು ಎಂಬುದೇ ಅದರ ಸಾರಾಂಶ. ಪ್ರಬಲ ಗುಣವೆಂದರೆ, ಜೋಡಿ ವಂಶವಾಹಿಗಳಲ್ಲಿ ಒಂದು ಕೆಟ್ಟಿದ್ದರೂ ರೋಗ ಬರುವುದು. ರೋಗಿಯು ತನ್ನ ಜೋಡಿಯಲ್ಲಿ ಯಾವುದಾದರೂ ಒಂದನ್ನು ಮಗುವಿಗೆ ಕೊಡುವನಾದ್ದರಿಂದ, ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ಅರ್ಧ. ನಾಣ್ಯವನ್ನು ಚಿಮ್ಮಿದಂತೆ, ಹಿಂದಿನ ಮಗುವಿನ ಗತಿ ಏನೇ ಆಗಿರಲಿ, ಮುಂದಿನದಕ್ಕೆ ಮತ್ತೆ ಅರ್ಧವೇ. ನಾಲ್ಕು ಮಕ್ಕಳಿದ್ದು ನಾಲ್ವರೂ ಪಾರಾಗುವ ಸಂಭವ ಹದಿನಾರರಲ್ಲಿ ಒಂದು. ಇಂಥ ಮನೆಯನ್ನು ನೋಡಿ ಶಾಪವೆನ್ನುವವರಿಗೂ, ಪಾರಾದ ಮನೆಯನ್ನು ನೋಡಿ ಹರಕೆಯ ಫಲವೆನ್ನುವವರಿಗೂ ಈ ಲೆಕ್ಕ ಉತ್ತರ ಹೇಳುವುದು. ಇದು ಯಾವ ಜಾತಿಯ ರೋಗವೂ ಅಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿದೆ. ಎಂದೋ ಯಾವನೋ ಒಬ್ಬ ಪೂರ್ವಜನಲ್ಲಿ ವಂಶವಾಹಿಯೊಂದು ಕೆಟ್ಟಿದ್ದಿರಬೇಕು; ಮದುವೆಯ ವಲಯ ಕಿರಿದಾದ ಕಾರಣ ಅದು ಆ ವಲಯದಲ್ಲಿಯೇ ಸುತ್ತಿತು.

ಏಡಿಯು ಈ ಆರೋಪದಿಂದ ಬಿಡುಗಡೆ ಹೊಂದಿತು. ವಿಷಕ್ಕೆ ಅದೇ ಬಿಡುಗಡೆ ದೊರೆತಂತಾಯಿತೇ? ಇಲ್ಲ. ಎಂಡ್ರಿನ್ ಜಾತಿಯ ಕ್ಲೋರಿನ್‌ಯುಕ್ತ ಕೀಟನಾಶಕಗಳು ನೀರಿನಲ್ಲಿ ಕರಗಲಾರವು, ಕೊಬ್ಬಿನಲ್ಲಿ ಕರಗುವುವು. ಆದುದರಿಂದ ಹುಳುವಿನಿಂದ ಮೀನಿಗೆ, ಮೀನಿನಿಂದ ಕೊಕ್ಕರೆಗೋ ಮನುಷ್ಯನಿಗೋ ಏರುತ್ತ ಹೋದಂತೆ ದೇಹದಲ್ಲಿ ಕೂಡಿಕೊಳ್ಳುತ್ತ ಹೋಗುವುವು. ಪ್ಯಾರಾಥಿಯಾನ್ ಜಾತಿಯವು ಬಹುಕಾಲ ಉಳಿಯುವಂಥವಲ್ಲ. ಆದರೆ ನರಗಳ ಸಂದೇಶವನ್ನು ಅಳಿಸುವ ಕಿಣ್ವವನ್ನೇ ತಡೆದು, ಸಿಂಪಡಿಸುವವನನ್ನು ಅಂದೇ ಕೆಡವಬಲ್ಲವು. ಕನ್ನಡಿಗರೂ ವಾಸವಾಗಿರುವ ಕಾಸರಗೋಡಿನ ಗೇರುತೋಟಗಳ ಮೇಲೆ 2000ದ ವರೆಗೆ ವಿಮಾನದಿಂದ ಎಂಡೊಸಲ್ಫಾನ್ ಸಿಂಪಡಿಸಿದ್ದೂ, 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶಾದ್ಯಂತ ತಡೆದದ್ದೂ ಓದುಗರಿಗೆ ಗೊತ್ತಿದ್ದ ವಿಷಯಗಳೇ. ಅಲ್ಲದೆ, ಕೀಟನಾಶಕವು ಏಡಿಯ ಮೂಲಕ ಮನುಷ್ಯನನ್ನು ಮುಟ್ಟುವ ಮೊದಲು ಏಡಿಯನ್ನೇ ಕೊಲ್ಲುವುದು. ಏಡಿಯಿಲ್ಲದ ಗದ್ದೆಯಿಂದ ಯಾರೂ ಆಸ್ಪತ್ರೆ ಸೇರುವುದಿಲ್ಲ. ಕೂಲಿಯವಳ ಸಾರು ತೆಳ್ಳಗಾಗುವುದು, ಅಷ್ಟೆ. ಅದನ್ನು ಬರೆದಿಡುವ ಯಾವ ಪುಸ್ತಕವೂ ಇಲ್ಲ. ರೋಗದ ಭಯದಿಂದ ಏಡಿಯನ್ನು ಬಿಟ್ಟವರಿಗೂ ನಷ್ಟ ಅದೇ. ತೋಟದ ಒಡೆಯನಿಗೆ ‘ಏಡಿ ತಿನ್ನಬೇಡ’ ಎಂಬ ಉಪದೇಶದಿಂದ ಏನೂ ಕಳೆಯದು. ಕೂಲಿಯವಳು ಅದರ ಬದಲಿಗೆ ಏನನ್ನು ತಿನ್ನಬೇಕೆಂಬುದನ್ನೂ ಉಪದೇಶಿಸಿದವರೇ ಹೇಳಬೇಕು.

ಇನ್ನೊಂದು ಮಾತು. ರೋಗವು ಆನುವಂಶಿಕವೆಂದ ಮಾತ್ರಕ್ಕೆ ಪೋಷಣೆಯ ಪ್ರಶ್ನೆ ಮುಗಿಯಲಿಲ್ಲ. ನಾಟಿಗೆ ಬಗ್ಗಲಾರದವನಿಗೆ ನಾಟಿಯ ಕೂಲಿ ಇಲ್ಲ. ಹಳ್ಳಕ್ಕೆ ಇಳಿಯಲಾರದವನಿಗೆ ಮೀನೂ ಇಲ್ಲ. ವಂಶವಾಹಿಯಿಂದ ಮೊದಲಾದ ಬೇನೆಯು ಎರಡನೆಯ ಸುತ್ತಿನಲ್ಲಿ ಹಸಿವಾಗಿ ಬರುವುದು.

ಕಾಡಿನ ಬಾಗಿಲು

ಗದ್ದೆಯ ಕಥೆ ಹೀಗಾದರೆ ಕಾಡಿನದು ಇನ್ನೊಂದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರು ಜ್ವರದಿಂದ ಮಲಗಿದರು. ಭಾರತಕ್ಕೆ ಎಂದೂ ಬಾರದ ಹಳದಿ ಜ್ವರವು ಬಂದಿತೇ ಎಂಬ ಭೀತಿ ಹುಟ್ಟಿತು. ಪುಣೆಯ ವೈರಾಣು ಸಂಶೋಧನ ಕೇಂದ್ರದ ಟೆಲ್ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಮೊದಲಾದವರು ವೈರಾಣುವನ್ನು ಬೇರ್ಪಡಿಸಿ ನೋಡಿದಾಗ ಅದು ಹೊಸದೆಂದೂ, ಸೈಬೀರಿಯದ ಓಮ್‌ಸ್ಕ್ ಜ್ವರದ ವೈರಾಣುವಿಗೆ ದಾಯಾದಿಯೆಂದೂ ತಿಳಿದು ಬಂದಿತು. ಅದನ್ನು ಹರಡುವುದು ಉಣುಗು. ವೈರಾಣುವು ಲೋಕದ ಪುಸ್ತಕಗಳಲ್ಲಿ ಸೊರಬದ ಆ ಕಾಡಿನ ಹೆಸರನ್ನೇ ಹೊತ್ತಿತು. ನಮ್ಮವರಿಗೆ ಅದು ಮಂಗನ ಕಾಯಿಲೆ.

ಉಣುಗಿನ ಮರಿಗಳು ದರಗಿನ ನಡುವೆ ಚುರುಕಾಗಿರುವುದು ಡಿಸೆಂಬರಿನಿಂದ ಮೇ ತಿಂಗಳ ವರೆಗೆ. ಕೊಯಿಲು ಮುಗಿದು, ಸೌದೆ ದರಗುಗಳನ್ನು ತರಲು ಜನರು ಕಾಡಿಗೆ ಹೋಗುವುದೂ ಆಗಲೇ. ಕೊಲಂಬಿಯ ದೇಶದ ಬೊಷೆಲ್ ಎಂಬ ವಿಜ್ಞಾನಿಯು 1969ರಲ್ಲಿ ಒಂದು ವಿಚಾರವನ್ನು ಮುಂದಿಟ್ಟನು: ಕಾಡು ಕಡಿದು ಗದ್ದೆ ಮಾಡಿ ದನಗಳನ್ನು ಕಾಡಂಚಿಗೆ ಬಿಟ್ಟುದರಿಂದ, ಬೆಳೆದ ಉಣುಗಿಗೆ ರಕ್ತವು ಧಾರಾಳವಾಗಿ ದೊರೆತು ಅದರ ಸಂತತಿ ಹೆಚ್ಚಿತು. ದನಕ್ಕೆ ಈ ಜ್ವರ ಬಾರದು. ಅದು ಉಣುಗನ್ನು ಸಾಕುವ ಮನೆ ಮಾತ್ರ. 1983ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರುತೋಟಕ್ಕಾಗಿ ಕಾಡನ್ನು ಸವರಿದ ಬಳಿಕ ಬಂದ ಹಾವಳಿ ಅತ್ಯಂತ ಘೋರವಾದುದು; 1555 ಮಂದಿಗೆ ರೋಗ ತಗುಲಿ 150 ಮಂದಿ ಸತ್ತರು. 2015ರಲ್ಲಿ ಕೇರಳದ ವಯನಾಡಿನಲ್ಲಿ ಇದು ಹರಡಿದಾಗ ರೋಗಿಗಳಲ್ಲಿ ಹೆಚ್ಚಿನವರು ಕಾಡಂಚಿನ ಆದಿವಾಸಿಗಳಾಗಿದ್ದರು. 1990ರಿಂದ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಮೈಗೆ ತೈಲ ಹಚ್ಚಿಕೊಳ್ಳಿರಿ, ಕಾಡಿಗೆ ಹೋಗಬೇಡಿರಿ ಎಂಬ ಎಚ್ಚರಿಕೆ ಈಗಲೂ ಪ್ರತಿ ವರ್ಷ ಹಳ್ಳಿಗಳಲ್ಲಿ ಕೇಳಿಬರುವುದು. ಎಚ್ಚರಿಕೆ ಸರಿಯಾದುದೇ. ಒಲೆ ಮಾತ್ರ ಸೌದೆಯನ್ನು ಕೇಳುವುದು.

ಕಾಡಿನ ಬಾಗಿಲು ಕಾನೂನಿನಿಂದಲೂ ಮುಚ್ಚಬಹುದು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವು 1974ರಲ್ಲಿ ಅಭಯಾರಣ್ಯವಾದ ಮೇಲೆ ಅಲ್ಲಿಯ ಸೋಲಿಗರ ಕುಮರಿ ಬೇಸಾಯ ನಿಂತಿತು. ರಾಗಿಯೊಡನೆ ಅವರೆ, ಸಾಸಿವೆ, ದಂಟುಗಳನ್ನು ಒಂದೇ ಹೊಲದಲ್ಲಿ ಬೆರೆಸಿ ಬೆಳೆಯುತ್ತಿದ್ದವರು ಪಡಿತರದ ಅಕ್ಕಿಗೆ ತಿರುಗಿದರು. 2011ರಲ್ಲಿ ಅವರ ಸಾಮೂಹಿಕ ಅರಣ್ಯಹಕ್ಕನ್ನು ಸರಕಾರವು ಮಾನ್ಯ ಮಾಡಿತು. ಜೇನು, ನೆಲ್ಲಿ ಮೊದಲಾದುವು ಅವರಿಗೆ ಮತ್ತೆ ಸಂದವು. ಕುಮರಿಯ ಹೊಲ ಮರಳಿ ಬರಲಿಲ್ಲ. ಪಡಿತರದ ಅಕ್ಕಿಯು ಹೊಟ್ಟೆಯನ್ನು ತುಂಬುವ ಉಪಕಾರ ದೊಡ್ಡದೇ. ಆದರೆ ಹಿಂದೆ ಹೇಳಿದ ಲೆಕ್ಕವನ್ನು ನೆನೆಯಿರಿ: ಅರ್ಧ ಕಿಲೋಗೆ 50 ಮಿಲಿಗ್ರಾಂ.

ಈ ಸೀಮೆಯ ವಿದ್ಯಾರ್ಥಿಗಳು ಬಯಸಿದರೆ ತಾವೇ ಮಾಡಬಹುದಾದ ಒಂದು ಅಭ್ಯಾಸವುಂಟು. ಮಳೆಗಾಲದಲ್ಲಿ ತಮ್ಮ ಊರಿನ ಸಂತೆಗೆ ಹೋಗಿ, ಕಳಲೆ, ಅಣಬೆ, ಏಡಿ, ಸಣ್ಣ ಮೀನುಗಳನ್ನು ಎಷ್ಟು ಮಂದಿ ಮಾರಲು ತಂದಿದ್ದಾರೆಂಬುದನ್ನು ಎಣಿಸಿ ಬರೆದುಕೊಳ್ಳಿರಿ. ಎಲ್ಲಿಂದ ತಂದರೆಂದು ಕೇಳಿರಿ. ಬಳಿಕ, ಅವರಿಗೆ ಬೇಸರವಾಗದಂತೆ, ಅಂದು ಅವರ ಮನೆಯಲ್ಲಿ ಏನನ್ನು ಬೇಯಿಸಲಿದ್ದಾರೆ ಎಂಬುದನ್ನೂ ಕೇಳಿ ಅದರ ಪಕ್ಕದಲ್ಲಿಯೇ ಬರೆಯಿರಿ.